ಮಗ್ಗದವನ ಕಾಲು

ನಿವೃತ್ತನಾದ ಮೇಲೆ ಚಳ್ಳಕೆರೆಯ ಮನೆಯಲ್ಲಿ ನನಗೆ ಎರಡು ಹೊತ್ತು ಬಿಸಿ ಮುದ್ದೆ, ಒಂದು ಹೊತ್ತು ಹೆಂಡತಿಯ ಬೈಗುಳ ತಪ್ಪಿದ್ದಿಲ್ಲ. ಎರಡೂ ಮೈಗೆ ಹಿಡಿದಿವೆ. ಮೂವತ್ತು ವರ್ಷ ಜೈಲು ವಾರ್ಡರ್ ಆಗಿದ್ದವನು ಇಷ್ಟು ನೆಮ್ಮದಿಯಾಗಿದ್ದಾನಲ್ಲ ಎಂದು ಕೆಲವರಿಗೆ ಸೋಜಿಗ. ಸಂಜೆ ಕಟ್ಟೆಗೆ ಹೋದರೆ ಕೊಲೆಗಾರರ ಕಥೆ ಹೇಳು, ಗೋಡೆ ಹಾರಿದವರ ಕಥೆ ಹೇಳು ಎಂದು ಗಂಟುಬೀಳುತ್ತಾರೆ. ನನಗೆ ನೆನಪಾಗುವುದು ಒಂದು ಕಾಲು.

ಜೈಲು ಯಾವ ಊರಿನದು ಎಂಬುದು ಬೇಡ. ಚಿಕ್ಕ ಜೈಲು, ಜಾಗಕ್ಕಿಂತ ಜನ ಹೆಚ್ಚು. ಡಾಕ್ಟರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ. ಮಗ್ಗ ನನಗೆ ಒಲಿಯಲಿಲ್ಲ. ನೇಯ್ದದ್ದಕ್ಕಿಂತ ಎಳೆ ಕಡಿದದ್ದೇ ಹೆಚ್ಚಾದಾಗ ಅಪ್ಪ ಕೈಮುಗಿದು ಬೇರೆ ಕೆಲಸ ನೋಡಿಕೋ ಎಂದಿದ್ದರು. ಹಾಗೆ ಖಾಕಿ ತೊಟ್ಟವನ ಎದುರಿಗೆ ಒಂದು ಬೇಸಿಗೆಯಲ್ಲಿ ನಮ್ಮೂರಿನ ನೇಕಾರನೊಬ್ಬ ವಿಚಾರಣಾಧೀನ ಕೈದಿಯಾಗಿ ಬಂದು ನಿಂತ. ದಾಯಾದಿಗಳ ಗೋಡೆ ಜಗಳದಲ್ಲಿ ಕೈ ಎತ್ತಿದ್ದನಂತೆ. ನಲವತ್ತರ ಆಸುಪಾಸು, ಮಾತು ಕಡಿಮೆ. ನಾಲ್ಕು ಜನರೆದುರು ನನ್ನನ್ನು ಸಾರ್ ಎನ್ನುತ್ತಿದ್ದ. ಯಾರೂ ಇಲ್ಲದಾಗ ಮನೆಮಾತು ತೆಲುಗಿನಲ್ಲಿ ‘ಅನ್ನಾ’ ಎಂದು ಒಡಹುಟ್ಟಿದ ಅಣ್ಣನನ್ನು ಕರೆಯುವಂತೆ ಕರೆಯುತ್ತಿದ್ದ. ನನಗೂ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಮೂರನೇ ತಿಂಗಳಲ್ಲಿ ಅವನು ಬೆಳಗಿನ ಎಣಿಕೆಗೆ ತಡವಾಗಿ ಎದ್ದು ಬರತೊಡಗಿದ. ಎಡಗಾಲು ಎಳೆಯುತ್ತಿದ್ದ. ನೆಲಕ್ಕೆ ಊರಿದ್ದೇ ಗೊತ್ತಾಗುವುದಿಲ್ಲ, ಜೋಮು ಹಿಡಿದ ಹಾಗಿದೆ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಜೊತೆಯ ವಾರ್ಡರುಗಳು ನಗುತ್ತಿದ್ದರು. ಆ ವಾರ ಡಾಕ್ಟರು ಬಂದಾಗ ಅವನೂ ಸಾಲಿನಲ್ಲಿ ನಿಂತ. ಕಾಲಿಗೇನಾಯಿತು ಎಂದು ಡಾಕ್ಟರು ಕೇಳಿದ್ದು ಅವನನ್ನು. ಉತ್ತರ ಕೊಟ್ಟವನು ನಾನು.

“ಮಗ್ಗದೋರ ಕಾಲು ಸಾರ್, ಹಂಗೇ ಇರ್ತೈತೆ.”

ತಿಳಿದವನ ಗತ್ತಿನಲ್ಲೇ ಹೇಳಿದ್ದೆ. ನಮ್ಮ ಕಡೆ ನೇಕಾರರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ದಿನವಿಡೀ ಹಲಗೆ ತುಳಿಯುತ್ತಾ ಮಗ್ಗದಲ್ಲಿ ಕೂರುತ್ತಾರೆ. ಕಾಲು ಜೋಮು ಹಿಡಿಯುವುದು ಅವರಿಗೆ ಕಾಯಿಲೆಯೇ ಅಲ್ಲ. ಅಪ್ಪ ಎದ್ದು ನಿಲ್ಲುವಾಗ ಕಂಬ ಹಿಡಿಯುತ್ತಿದ್ದರು, ಯಾವ ಡಾಕ್ಟರಿಗೂ ಕಾಲು ತೋರಿಸಿದವರಲ್ಲ. ಕೈದಿ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಡಾಕ್ಟರು ಕಾಲು ನೋಡದೆಯೇ ನೋವಿನ ಮಾತ್ರೆ ಕೊಟ್ಟು ಹೋದರು.

ಭಾನುವಾರ ನನಗೆ ರಜೆ. ಬೆಳಿಗ್ಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮೆಲ್ಲುತ್ತಾ ನನ್ನ ಜಾಣತನವನ್ನು ಹೆಂಡತಿಗೆ ಹೇಳಿಕೊಂಡೆ. ಅವಳೂ ಮಗ್ಗದ ಮನೆಯ ಮಗಳು. ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿದಳು.

“ಮಗ್ಗ ಬಿಟ್ಟು ಮೂರು ತಿಂಗ್ಳಾತು ಅಂತೀರಾ. ಇನ್ನೂ ಜೋಮು ಹಿಡಿಯಾಕೆ ಜೈಲಾಗೂ ಗುಂಡಿ ತೋಡ್ಸಿದೀರಾ?”

ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟೆ. ಅಂಗಿ ಹಾಕಿಕೊಂಡು ಬಸ್ಸು ಹಿಡಿದೆ.

ಅವನು ಬ್ಯಾರಕ್ಕಿನ ಮೂಲೆಯಲ್ಲಿ ಜ್ವರದಿಂದ ನಡುಗುತ್ತಾ ಮಲಗಿದ್ದ. ಪಾದಕ್ಕೆ ಸುತ್ತಿದ್ದ ಟವೆಲು ಬಿಚ್ಚಿದೆ. ವಾಸನೆ ಮೊದಲು ಬಂತು, ಆಮೇಲೆ ಗಾಯ ಕಂಡಿತು. ಎರಡು ಬೆರಳು ಕಪ್ಪಾಗಿದ್ದವು. ಒತ್ತಿದರೆ ಅವನಿಗೆ ಗೊತ್ತೇ ಆಗಲಿಲ್ಲ. ಜೈಲರ್ ಸಾಹೇಬರ ಕೋಣೆಗೆ ಓಡಿದೆ.

ನನ್ನ ಭಯಕ್ಕೆ ಕಾರಣವಿತ್ತು. ಅದಕ್ಕೂ ಎರಡು ವರ್ಷ ಹಿಂದೆ ಎದೆನೋವು ಎಂದು ಅತ್ತ ಒಬ್ಬ ಮುದುಕನನ್ನು ನಾಟಕ ಎಂದು ಕೂರಿಸಿದ್ದರು. ಕೈದಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾವಲಿಗೆ ಪೊಲೀಸರು ಬರಬೇಕು, ಪೊಲೀಸರು ಬಿಡುವಾಗಿರಲಿಲ್ಲ. ಅವರು ಬಂದದ್ದು ಮಾರನೆಯ ದಿನ, ಹೆಣದ ಜೊತೆ ಹೋಗಲು. ಆ ದಿನದ ವರದಿ ಪುಸ್ತಕದಲ್ಲಿ ‘ಬಂದಿಗಳೆಲ್ಲ ಕ್ಷೇಮ’ ಎಂದು ಬರೆದ ಅಕ್ಷರ ನನ್ನದು. ದಿನಾ ಬರೆಯುತ್ತಿದ್ದೆ, ಅವತ್ತೂ ಬರೆದೆ.

ಈಗಲೂ ಜೈಲರ್ ಸಾಹೇಬರು ಅದನ್ನೇ ಹೇಳಿದರು. ಭಾನುವಾರ ಕಾವಲಿಗೆ ಯಾರು ಸಿಗುತ್ತಾರೆ, ನಾಳೆ ನೋಡೋಣ, ನೀನು ರಜೆಯಲ್ಲಿದ್ದೀಯ, ಮನೆಗೆ ಹೋಗು. ನನ್ನದು ಮೊದಲೇ ಮೂಗಿನ ತುದಿಯ ಕೋಪ. ಆದರೆ ಕೂಗಾಡಿದರೆ ಅಮಾನತ್ತಾಗುವವನು ನಾನು, ಸಾಯುವವನು ಅವನು. ಅದೇ ವರದಿ ಪುಸ್ತಕ ತೆಗೆದು, ಈ ಬಂದಿಯ ಕಾಲು ಕೊಳೆಯುತ್ತಿದೆ, ಜೀವಕ್ಕೆ ಅಪಾಯವಿದೆ, ಹನ್ನೊಂದು ಗಂಟೆಗೆ ಸಾಹೇಬರಿಗೆ ತಿಳಿಸಿದ್ದೇನೆ ಎಂದು ದಪ್ಪ ಅಕ್ಷರದಲ್ಲಿ ಬರೆದು, ಅವರ ಮುಂದಿಟ್ಟೆ.

“ಓದಿ ಸೈನ್ ಮಾಡ್ರಿ ಸಾರ್.”

ಸಾಹೇಬರು ಅದನ್ನು ಎರಡು ಸಲ ಓದಿದರು. ಬಾಯಿಮಾತಿಗೆ ಬಗ್ಗದವರು ಬರಹಕ್ಕೆ ಬಗ್ಗುತ್ತಾರೆ. ಫೋನು ತಿರುಗಿತು. ಬಿಡುವಿಲ್ಲದ ಪೊಲೀಸರು ಮುಕ್ಕಾಲು ಗಂಟೆಯಲ್ಲಿ ಗೇಟಿನ ಮುಂದಿದ್ದರು.

ಅವನಿಗೆ ಇದ್ದದ್ದು ಸಕ್ಕರೆ ಕಾಯಿಲೆ. ಇದ್ದದ್ದು ಅವನಿಗೂ ಗೊತ್ತಿರಲಿಲ್ಲ. ಎರಡು ಬೆರಳು ತೆಗೆದರು, ಕಾಲು ಉಳಿಯಿತು, ಜೀವವೂ ಉಳಿಯಿತು. ಮುಂದೆ ದಾಯಾದಿಗಳು ರಾಜಿಯಾಗಿ ಕೇಸೂ ಮುಗಿಯಿತು. ಅವನು ಊರಿಗೆ ಹೊರಟ ದಿನ ನಾನು ಹೆಂಡತಿಗೆ ಮಲ್ಲಿಗೆ ಹೂ ಕೊಂಡು ಹೋಗಿದ್ದೆ. ಏನು ವಿಶೇಷ ಎಂದು ಅವಳು ಅನುಮಾನಪಟ್ಟಳು.

ಕಳೆದ ವರ್ಷ ಮೊಳಕಾಲ್ಮೂರಿಗೆ ಹೋದವನು ಅವನ ಮನೆ ಹುಡುಕಿಕೊಂಡು ಹೋದೆ. ಮಗ್ಗದಲ್ಲಿ ಕೂತು ನೇಯುತ್ತಿದ್ದ. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಅವನ ಹೆಂಡತಿ ಚಾಪೆ ಹಾಸಿ, ನಿಮ್ಮಿಂದಲೇ ಮನೆಯಲ್ಲಿ ದೀಪ ಉರಿಯುತ್ತಿದೆ ಎಂದು ಕೈಮುಗಿದಳು. ಹೊಗಳಿಕೆ ನನಗೆ ಬೇಡದ್ದೇನಲ್ಲ, ಆದರೆ ಅದು ದಕ್ಕಲಿಲ್ಲ. ಅವಳು ಒಳಗೆ ಹೋದ ಮೇಲೆ, ಮೊದಲು ನಿನ್ನ ಕಾಲನ್ನು ತಳ್ಳಿಹಾಕಿದವನು ನಾನೇ ಎಂದು ಅವನಿಗೆ ಹೇಳಿಬಿಟ್ಟೆ.

ಅವನು ಲಾಳಿ ಕೆಳಗಿಟ್ಟ.

“ಗೊತ್ತು ಅನ್ನಾ, ನಾನು ಅಲ್ಲೇ ಇದ್ನಲ್ಲ. ಬೆರಳು ಕಪ್ಪಾಗಿದ್ದು ತೋರ್ಸಾಣ ಅಂತ್ಲೇ ಡಾಕ್ಟ್ರತ್ರ ಬಂದಿದ್ದೆ. ನಮ್ಮೋರೇ ಹಂಗಂದ್ಮೇಲೆ ಇನ್ನೇನು ಅಂತ ಸುಮ್ನಾದೆ.”

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಗುಂಡಿಯಿಂದ ಅವನ ಕಾಲನ್ನು ಮೇಲೆ ತೆಗೆಸಿ ತೊಡೆಯ ಮೇಲಿಟ್ಟುಕೊಂಡೆ. ಉಳಿದಿದ್ದ ಮೂರು ಬೆರಳುಗಳನ್ನು ಒಂದೊಂದಾಗಿ ಒತ್ತಿದೆ. ಒತ್ತಿದ್ದು ಗೊತ್ತಾಗುತ್ತಿದೆಯೋ ಇಲ್ಲವೋ, ಅವನಾಗಿ ಹೇಳುವವರೆಗೆ ಈ ಸಲ ನಾನು ಬಾಯಿ ಬಿಚ್ಚಲಿಲ್ಲ.