ಆಸ್ಪತ್ರೆ ಹಿಂದಿನ ತವರುಮನೆ

ಶರಾವತಿ ಹಿನ್ನೀರಿನ ಆಚೆಯ ಹಳ್ಳಿಗಳಿಗೆ ನಾನು ನರ್ಸ್. ಮನೆ ಸಾಗರದಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ. ಎರಡು ಕೋಣೆ, ಒಬ್ಬಳೇ ವಾಸ. ಬೆಳಿಗ್ಗೆ ಲಾಂಚ್ ಹತ್ತಿ ಆಚೆ ದಡಕ್ಕೆ, ಸಂಜೆ ಕೊನೆಯ ಲಾಂಚಿಗೆ ವಾಪಸ್. ಅದು ಹೊರಟಿತೆಂದರೆ ಆಚೆಯವರಿಗೆ ಮಾರನೆಯ ದಿನದವರೆಗೆ ಡಾಕ್ಟರು ದೂರವೇ.

ನನ್ನ ತಲೆ ಕೆಡಿಸಿದ್ದು ನೀರಲ್ಲ, ಪದ್ಧತಿ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು. ಸಾಗರಕ್ಕೆ ಮದುವೆಯಾಗಿ ಆಸ್ಪತ್ರೆಯ ಕೂಗಳತೆಯಲ್ಲಿದ್ದ ಹುಡುಗಿಯರನ್ನೂ ಸೀಮಂತ ಮಾಡಿ, ಹೂ ಮುಡಿಸಿ, ಲಾಂಚ್ ಹತ್ತಿಸಿ ಆಚೆಗೆ ಕರೆತರುತ್ತಿದ್ದರು. ಹಾಗೆ ಬಂದವಳೊಬ್ಬಳಿಗೆ ಬಿಪಿ ಏರುತ್ತಿತ್ತು, ಕಾಲು ಊದಿತ್ತು. ಹೆರಿಗೆಯವರೆಗೆ ಸಾಗರದಲ್ಲೇ ಇರಲಿ, ಇಲ್ಲಿ ತಾಯಿ ಮಗು ಇಬ್ಬರಿಗೂ ಅಪಾಯ ಎಂದು ಅವಳ ಅಮ್ಮನಿಗೆ ಹೇಳಿದೆ. ಮೂರು ಸಲ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

"ಹೆರಿಗೆಗೆ ಮಗಳನ್ನ ಗಂಡನ ಮನೇಲಿ ಬಿಟ್ರೆ ಜನ ಎಂತ ಅಂತಾರೆ? ಬಾಣಂತನ ಮಾಡಕ್ಕೂ ಗತಿ ಇಲ್ಲ ಅಂತಾರೆ" ಎಂದಳು ಆಕೆ. ಬೀಗರ ಮನೆಯಲ್ಲಿ ತಾನು ಹೋಗಿ ಕೂರುವುದಂತೂ ಆಗದ ಮಾತು.

ನನಗೆ ಕೋಪ ಮೂಗಿನ ತುದಿಯಲ್ಲೇ. "ಹಂಗಾದ್ರೆ ನಮ್ಮನೆಗೆ ಕರ್ಕೊಂಡು ಬನ್ನಿ. ನಾನು ಅವಳ ಚಿಕ್ಕಮ್ಮ ಅಂದ್ಕಳಿ. ಚಿಕ್ಕಮ್ಮನ ಮನೆ ತವರಲ್ವಾ?" ಎಂದುಬಿಟ್ಟೆ.

ವಾಪಸ್ ಬರುವಾಗ ಲಾಂಚಿನಲ್ಲಿ ನನ್ನ ಬಾಯಿಗೆ ನಾನೇ ಬೈದುಕೊಂಡೆ. ಮೂರನೆಯ ದಿನ ತಾಯಿ ಮಗಳು ಬಾಗಿಲಲ್ಲಿ ನಿಂತಿದ್ದರು. ಅಕ್ಕಿ, ಬೆಳ್ಳುಳ್ಳಿ, ಕಾಳುಮೆಣಸು, ಜೊತೆಗೆ ಬಾಣಂತಿಗೆ ನೀರು ಕಾಯಿಸಲು ಒಂದು ತಾಮ್ರದ ಹಂಡೆ. ಸಂಜೆಯೊಳಗೆ ನನ್ನ ಅಡುಗೆಮನೆ ನನ್ನದಾಗಿ ಉಳಿಯಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಹುಡುಗಿಗೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು. ಕೈ ಹಿಡಿದು ಹಿತ್ತಲ ದಾರಿಯಲ್ಲೇ ಆಸ್ಪತ್ರೆಗೆ ನಡೆಸಿದೆವು. ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ಹೆಣ್ಣು ಮಗು ಅತ್ತಿತು. ವಾರ್ಡಿನ ಹೊರಗೆ ನಾನೂ ಅತ್ತೆ. ಗೆದ್ದೆ ಎಂದು ಅತ್ತೆ.

ಆಮೇಲೆ ಹಂಡೆ ಆಚೆಗೆ ಹೋಗಲೇ ಇಲ್ಲ. ಒಬ್ಬಳ ಬಾಣಂತನ ಮುಗಿಯುವಷ್ಟರಲ್ಲಿ ಇನ್ನೊಬ್ಬಳು ಬರುತ್ತಿದ್ದಳು. ಮನೆಯಲ್ಲಿ ಲೋಬಾನದ ಹೊಗೆ ಆರಿದ್ದೇ ಕಡಿಮೆ. ಹೆಂಗಸರು ಜನರ ಮಾತಿಗೆ ಹೆದರುವುದನ್ನು ಬಿಟ್ಟಿರಲಿಲ್ಲ. ಜನರೇ ಮಾತು ಬದಲಿಸಿದ್ದರು. "ಚಿಕ್ಕಮ್ಮನ ಮನೆಗೆ ಕಳಿಸಿದ್ರಾ?" ಎಂದು ಕೇಳುತ್ತಿದ್ದರು.

ಈಗ ಹಿನ್ನೀರಿಗೆ ಸೇತುವೆಯಾಗಿದೆ. ಆಂಬುಲೆನ್ಸ್ ಯಾವ ಹೊತ್ತಿಗೂ ದಾಟುತ್ತದೆ. ಮೊದಲ ಸಲ ಅದು ದಾಟಿದ್ದನ್ನು ಕಂಡಾಗ ಆದ ಖುಷಿ ಇಷ್ಟಿಷ್ಟಲ್ಲ. ಇನ್ನು ನನ್ನ ಕೋಣೆ ಯಾರಿಗೂ ಬೇಡವೆಂದು ಹಂಡೆಯನ್ನು ತಿಕ್ಕಿ ಅಟ್ಟಕ್ಕೆ ಏರಿಸಿದೆ.

ಕಳೆದ ತಿಂಗಳು ಆ ಮೊದಲ ಹುಡುಗಿ ಬಂದಳು. ಮತ್ತೆ ಬಸುರಿ, ಪಕ್ಕದಲ್ಲಿ ಮಗಳು, ಕೈಯಲ್ಲಿ ಬಟ್ಟೆಯ ಚೀಲ. ಸೇತುವೆ ಇರುವಾಗ ಅಮ್ಮನ ಮನೆಗೇ ಹೋಗಬಾರದಿತ್ತೇ ಎಂದು ಗದರಿದೆ.

"ಅಮ್ಮ ನಾಳೆ ಬಸ್ಸಿಗೆ ಇಲ್ಲಿಗೇ ಬರ್ತಾಳೆ. ನನ್ನ ತವರು ಇದೇ ಅಲ್ವಾ ಚಿಕ್ಕಮ್ಮ?" ಎಂದು ಚೀಲವನ್ನು ಒಳಗಿಟ್ಟಳು.

ನಾನು ಅಟ್ಟ ಹತ್ತಿ ಹಂಡೆ ಇಳಿಸಿದೆ.