ನೀಲಿ ವಿಮಾನದ ಬಿಳಿ ಅಕ್ಷರ

ನಮ್ಮಕ್ಕನ ಕಸುಬು ಏನೆಂದು ಯಾರಾದರೂ ಕೇಳಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆಟಿಕೆ ವಿಮಾನಗಳಿಗೆ ಅಂಟಿಸುವ ಬಿಳಿ ಅಕ್ಷರ ಮಾಡುತ್ತಾಳೆ ಎಂದರೆ ಜನ ನನ್ನ ಮುಖವನ್ನೇ ಪಿಳಿಪಿಳಿ ನೋಡುತ್ತಿದ್ದರು. ಆಟಿಕೆ ಎಂದದ್ದು ಅಕ್ಕನ ಕಿವಿಗೆ ಬಿದ್ದರಂತೂ ಮುಗಿಯಿತು. "ಆಟಿಕೆ ಅಲ್ಲ ಕಣೇ, ಮಾಡೆಲ್ಲು. ಎಷ್ಟು ಸಲ ಬಡ್ಕೋಬೇಕು ನಿನ್ ಹತ್ರ?" ಎಂದು ರೇಗುತ್ತಿದ್ದಳು. ನನಗೋ ಎರಡೂ ಒಂದೇ. ಕೂರಲಾಗದ ವಿಮಾನ ಯಾವುದಾದರೇನು?

ಮಾಡೆಲ್ಲಿನ ಹುಚ್ಚು ಭಾವನದು. ಅವರು ವಿಮಾನ ನಿಲ್ದಾಣದಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೆ, ತಾವು ಕೈಯಿಟ್ಟ ಒಂದೊಂದು ವಿಮಾನವನ್ನೂ ಗೇಣುದ್ದಕ್ಕೆ ಇಳಿಸಿ, ಮರದಲ್ಲಿ ಕೆತ್ತಿ, ಬಣ್ಣ ಬಳಿದು ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಅವುಗಳ ಮೈಮೇಲಿನ ಹೆಸರು, ನಂಬರು ಎಲ್ಲ ಬಿಳಿ. ಕಂಪ್ಯೂಟರಿನ ಪ್ರಿಂಟರಿಗೆ ಎಲ್ಲ ಬಣ್ಣ ಬರುತ್ತದೆ, ಬಿಳಿಯೊಂದು ಬರುವುದಿಲ್ಲ. ಕಾಗದ ಹೇಗೂ ಬಿಳಿಯಲ್ಲವೇ ಎಂದು ಆ ಜಾಗವನ್ನು ಹಾಗೇ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಭಾವ ತಲೆ ಮೇಲೆ ಕೈಹೊತ್ತು ಕೂತಾಗ ಅಕ್ಕ, "ಅಷ್ಟಕ್ಕೆಲ್ಲ ಯಾಕ್ರೀ ಸಪ್ಪೆ ಮುಖ?" ಎಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋಗಿ ಕೆಲಸ ಕಲಿತು ಬಂದಳು. ಆಗ ಅವಳಿಗೆ ಮಂಡಿ ನೋವು ಬೇರೆ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಎಂದು ನಾನು ಬೈದಿದ್ದೆ.

ಕೆಲಸದಲ್ಲಿ ಮಾತ್ರ ಅವಳದು ಎತ್ತಿದ ಕೈ. ಅಂಟು ಸವರಿದ ಕಾಗದದ ಮೇಲೆ ನೂಲಿನ ಜಾಲರಿಯ ಚೌಕಟ್ಟು ಇಟ್ಟು, ರಬ್ಬರ್ ಪಟ್ಟಿಯಿಂದ ಬಿಳಿ ಶಾಯಿ ಎಳೆಯಬೇಕು. ಒಣಗಿದ ಮೇಲೆ ಅದರ ಮೇಲೇ ಇನ್ನೊಂದು ಸಲ, ಒಂದು ಕೂದಲೂ ಆಚೀಚೆ ಆಗದಂತೆ; ಇಲ್ಲದಿದ್ದರೆ ಕೆಳಗಿನ ಬಣ್ಣ ಇಣುಕುತ್ತದೆ. ಆಮೇಲೆ ಹಾಳೆಯ ಮೇಲೆಲ್ಲ ವಾರ್ನಿಷ್. ಈ ವಾರ್ನಿಷ್ಷೇ ಅಕ್ಷರಗಳನ್ನು ಒಂದಕ್ಕೊಂದು ಹಿಡಿದಿಟ್ಟುಕೊಳ್ಳುವುದು. ನೀರಲ್ಲಿ ಅದ್ದಿದರೆ ತೆಳ್ಳನೆ ಪೊರೆಯ ಹಾಗೆ ಇಡೀ ಸಾಲು ಕಾಗದದಿಂದ ಜಾರುತ್ತದೆ, ವಿಮಾನದ ಮೈಗೆ ಸರಿಸಿ ಒತ್ತಿದರೆ ಆಯಿತು. ಒತ್ತುವುದು ಯಾವಾಗಲೂ ಭಾವನೇ. ಬರಬರುತ್ತಾ ಬೇರೆ ಊರಿನ ಹುಚ್ಚರೆಲ್ಲ ಅಕ್ಕನಿಂದ ಅಕ್ಷರ ತರಿಸಿಕೊಳ್ಳತೊಡಗಿದರು. ಹುಚ್ಚರಿಗೇನು ಬರವೇ!

ಹಲಗೆಯ ತುದಿಯಲ್ಲಿ ಒಂದು ಕಡುನೀಲಿ ವಿಮಾನವಿತ್ತು. ಅದಕ್ಕೆ ಹೆಸರೂ ಇಲ್ಲ, ನಂಬರೂ ಇಲ್ಲ. ಅದರ ಅಸಲಿ ವಿಮಾನ ಭಾವನ ಕೈಯಿಂದ ಹೊರಟು ವಾಪಸು ಬಂದಿರಲಿಲ್ಲ. ಬೆಳಿಗ್ಗೆ ಅದರ ಎಂಜಿನ್ ನೋಡಿ, "ಹೊರಡಬಹುದು" ಎಂದು ಪೈಲಟ್‌ಗೆ ಕೈಯೆತ್ತಿ ತೋರಿಸಿದ್ದು ಭಾವ. ಮಧ್ಯಾಹ್ನದ ಹೊತ್ತಿಗೆ ಅದು ಗುಡ್ಡಕ್ಕೆ ಬಡಿದಿತ್ತು. ಒಳಗಿದ್ದದ್ದು ಆ ಪೈಲಟ್ ಒಬ್ಬನೇ. ವಿಚಾರಣೆಯಲ್ಲಿ ಮಂಜು ಕಾರಣವೆಂದಾಯಿತು, ಮೇಲಿನವರು ಭಾವನ ಬೆನ್ನು ತಟ್ಟಿ ಕಳಿಸಿದರು. ಭಾವ ಒಪ್ಪಲಿಲ್ಲ. ತಮ್ಮ ಕಣ್ಣಿಗೆ ಏನೋ ತಪ್ಪಿಹೋಗಿತ್ತು ಎಂಬುದೇ ಅವರ ಹಟ. ಆ ವಿಷಯ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಕೆತ್ತುವುದೇನೋ ಕೆತ್ತಿದರು, ಅಕ್ಷರ ಮಾಡಿಕೊಡೆಂದು ಅಕ್ಕನನ್ನು ಕೇಳಲೇ ಇಲ್ಲ.

ಭಾವನ ಎದೆ ದುರ್ಬಲವಾಗಿ ಹಾಸಿಗೆ ಹಿಡಿದ ವರ್ಷ ಆ ಪೈಲಟ್‌ನ ಹೆಂಡತಿ ಫೋನು ಮಾಡಿದರು. ನಿಲ್ದಾಣದ ಹಳಬರೊಬ್ಬರು ನೀಲಿ ವಿಮಾನದ ಸುದ್ದಿ ಹೇಳಿದ್ದರಂತೆ. ಒಂದು ಸಲ ನೋಡಬೇಕು, ಕೊಡುವುದಾದರೆ ತಗೊಂಡು ಹೋಗುತ್ತೇನೆ ಎಂದರು. ಇಷ್ಟು ವರ್ಷ ಅವರ ಮುಖ ನೋಡಲು ಧೈರ್ಯವಿಲ್ಲದೆ ದಾರಿ ಬದಲಿಸಿ ನಡೆದ ಮನುಷ್ಯ ನಮ್ಮ ಭಾವ. ಅವತ್ತು ರಾತ್ರಿ ಅಕ್ಕನನ್ನು ಕರೆದರು.

"ಬರ್ಲಿ. ಕ್ಷಮೆ ಕೇಳ್ಕೊಂಡೇ ಸಾಯ್ತೀನಿ. ಆದ್ರೆ ವಿಮಾನಾನ ಹಂಗೇ ಬರಿಮೈಯಲ್ಲಿ ಕೊಡಕ್ಕಾಗಲ್ಲ. ನೀನು ಅಕ್ಷರ ಮಾಡು."

ಅಕ್ಕ ಮೈಯೆಲ್ಲ ಕಣ್ಣಾಗಿ ಕೂತು ಮಾಡಿದಳು. ಅವಳಿಗೆ ಯಾವಾಗಲೂ ಸಿಗುತ್ತಿದ್ದ ತಿಳಿನೀಲಿ ಕಾಗದ ಆ ಸಲ ಸಿಗದೆ ಬಿಳಿ ಕಾಗದ ಬಂದಿತ್ತು. ಬಿಳಿಯ ಮೇಲೆ ಬಿಳಿ, ಬೆಳಕಿಗೆ ಓರೆ ಹಿಡಿದರಷ್ಟೇ ಅಕ್ಷರ ಕಾಣುವುದು. ಅಚ್ಚು ಹಾಕಿದ ಹಾಳೆಯನ್ನು ಹಗ್ಗಕ್ಕೆ ಸಿಕ್ಕಿಸಿದಳು, ಪಕ್ಕದಲ್ಲೇ ಒಂದು ಖಾಲಿ ಹಾಳೆಯೂ ಇತ್ತು. ಜಾಲರಿ ತೊಳೆದಿಟ್ಟು ಬಂದು ವಾರ್ನಿಷ್ ಹೊಡೆದಳು. ಒಂದು ಸಲ ಅಲ್ಲ, ಎರಡು ಸಲ.

ಮಾರನೆಯ ದಿನ ಬೆಳಿಗ್ಗೆ ಆ ಹೆಂಗಸು ಬರುವವರಿದ್ದರು. ಹಿಂದಿನ ಸಂಜೆ ಭಾವನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಅವರ ಮುಖದಲ್ಲಿ ಒಂದು ಗೆಲುವಿತ್ತು. ಸಾಮಾನ್ಯವಾಗಿ ಅಕ್ಕ ಮೊದಲು ಹಾಳೆಯ ಒಂದು ಚೂರು ಕತ್ತರಿಸಿ ನೀರಲ್ಲಿ ಹಾಕಿ ನೋಡುತ್ತಿದ್ದಳು. ಅವತ್ತು ಭಾವನಿಗೆ ಎಲ್ಲಿ ಸುಸ್ತಾಗಿಬಿಡುತ್ತದೋ ಎಂದು ನೋಡಲಿಲ್ಲ. ವಿಮಾನದ ಎರಡು ಬದಿಗೂ ಆಗುವ ಸಾಲುಗಳನ್ನು ಕತ್ತರಿಸಿ, ಬಿಸಿನೀರಿನ ತಟ್ಟೆಗೆ ಒಟ್ಟಿಗೇ ಬಿಟ್ಟಳು.

ಸಾಲು ಜಾರಲಿಲ್ಲ. ಅಕ್ಷರಗಳು ಬಿಡಿಬಿಡಿಯಾಗಿ ಎದ್ದವು. ಒಂದು ತಿರುಗಿತು, ಒಂದು ಮಗುಚಿತು, ಉಳಿದವು ತಟ್ಟೆಯ ಅಂಚಿಗೆ ಹೋಗಿ ಮುದುಡಿಕೊಂಡವು. ಅಕ್ಕ ಬೆರಳು ಹಾಕಿ ಹಿಡಿಯಹೋದರೆ ಅವು ಉಗುರಿಗೆ ಅಂಟಿ ಹರಿದವು.

"ಅಯ್ಯೋ! ಖಾಲಿ ಹಾಳೆಗೆ ಹೊಡೆದಿದ್ದೀನಿ ಕಣ್ರೀ! ಅಚ್ಚಿನ ಹಾಳೆ ಬಿಟ್ಟು ಪಕ್ಕದ ಖಾಲಿ ಹಾಳೆಗೆ ಹೊಡೆದಿದ್ದೀನಿ!"

"ಹೋಗ್ಲಿ ಬಿಡೇ," ಎಂದರು ಭಾವ. "ನೀನೇನು ಬೇಕಂತ ಮಾಡಿದ್ಯಾ?"

ಅಕ್ಕನಿಗೆ ಎಲ್ಲಿತ್ತೋ ಆ ಸಿಟ್ಟು. "ನೀವು ಬೇಕಂತ ಮಾಡಿದ್ರಾ ಹಾಗಾದ್ರೆ? ನನಗೆ ಒಂದು ನ್ಯಾಯ, ನಿಮಗೆ ಒಂದು ನ್ಯಾಯಾನಾ?"

ಭಾವ ತಟ್ಟೆಯನ್ನೇ ನೋಡುತ್ತಿದ್ದರು. "ನಿನ್ನ ಕೈಯಿಂದ ಹೋಗಿದ್ದು ಬರೀ ಅಕ್ಷರ," ಎಂದರು.

ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮತ್ತೆ ಜಾಲರಿ ಸಿದ್ಧಮಾಡಿ, ಎರಡು ಸಲ ಅಚ್ಚು ಹಾಕಿ, ಒಣಗಿಸಿ, ವಾರ್ನಿಷ್ ಹೊಡೆಯಲು ಏನಿಲ್ಲವೆಂದರೂ ಒಂದು ವಾರ ಬೇಕು. ಅಕ್ಕ ಫೋನು ಕೈಗೆತ್ತಿಕೊಂಡಳು. "ಬರ್ಲಿ ಬಿಡೇ, ಅಕ್ಷರ ಆಮೇಲೆ ಅಂಟಿಸಿ ಕಳಿಸಿದ್ರಾಯ್ತು," ಎಂದು ನಾನು ಬಾಯಿ ಮಾಡಿದೆ. "ಸುಮ್ನಿರೇ, ಆಯಮ್ಮನಿಗೆ ಅದು ಎಷ್ಟು ಮುಖ್ಯ ಅಂತ ನಿಂಗೇನು ಗೊತ್ತು?" ಎಂದಳು. ಭಾವನೂ ಹೂಂ ಎಂದರು. ಆ ಮುಖ ನೋಡುವುದು ಇನ್ನೊಂದು ವಾರ ಮುಂದೆ ಹೋಯಿತೆಂದು ಅವರಿಗೆ ಒಳಗೊಳಗೇ ನಿರಾಳವಾಗಿತ್ತು ಅಂತ ಕಾಣುತ್ತದೆ. ಅಕ್ಕ ಫೋನಿನಲ್ಲಿ, "ಸ್ವಲ್ಪ ಕೆಲಸ ಉಳಿದುಬಿಟ್ಟಿದೆ, ಮುಂದಿನ ವಾರ ಬನ್ನಿ, ಪೂರ್ತಿ ಮಾಡಿಯೇ ಕೊಡ್ತೀವಿ," ಎಂದಳು. ಆ ಕಡೆಯಿಂದ ಅವರು ಏನೋ ಹೇಳಹೋಗಿ ನಿಲ್ಲಿಸಿ, "ಆಗ್ಲಿ," ಎಂದರಂತೆ.

ಹೊಸ ಹಾಳೆ ಒಣಗುವ ಮುಂಚೆಯೇ ಭಾವ ಹೋಗಿಬಿಟ್ಟರು. ಬೆಳಿಗ್ಗೆ ಟೀ ತಂದು ಎಬ್ಬಿಸಲು ಹೋದ ಅಕ್ಕ ಲೋಟ ಹಿಡಿದುಕೊಂಡೇ ನಿಂತಿದ್ದಳು. ನಾನು ಬಂದು ಅದನ್ನು ಅವಳ ಕೈಯಿಂದ ಬಿಡಿಸಬೇಕಾಯಿತು.

ಎಲ್ಲ ಮುಗಿದು ಬಂದವರು ಹೊರಟುಹೋದ ಮೇಲೆ ಆ ಹೆಂಗಸು ಬಂದರು. ಸಣ್ಣಗೆ, ನೆಟ್ಟಗೆ, ನರೆತ ಕೂದಲು. ಅಕ್ಕ ನೀಲಿ ವಿಮಾನವನ್ನು ಮೇಜಿನ ಮೇಲಿಟ್ಟು, "ಅಕ್ಷರದ ಹಾಳೆ ಇದೆ. ಆದ್ರೆ ಅಂಟಿಸ್ತಾ ಇದ್ದಿದ್ದು ಅವರು. ನನಗೆ ಬರಲ್ಲ," ಎಂದಳು.

ಅವರು ವಿಮಾನವನ್ನು ಸರಿಯಾಗಿ ನೋಡಲೂ ಇಲ್ಲ. "ಅಕ್ಷರ ಇದ್ರೆಷ್ಟು, ಇಲ್ದಿದ್ರೆಷ್ಟು? ವಿಮಾನ ಬರೀ ನೆಪ. ನಾನು ಬಂದಿದ್ದು ಅವರಿಗೆ ಒಂದು ಮಾತು ಹೇಳಕ್ಕೆ. ನಮ್ಮನೇಲಿ ಯಾರೂ ಯಾವತ್ತೂ ಅವರನ್ನ ಬೈಲಿಲ್ಲ. ನಮ್ಮ ಯಜಮಾನ್ರು ಮಂಜು ಇದೆ ಅಂದ್ರೂ ಕೇಳ್ತಿರ್ಲಿಲ್ಲ, ಹಟದ ಮನುಷ್ಯ. ಹೊರಡೋ ದಿನ ನಾನೇ ಬೇಡ ಅಂದಿದ್ದೆ."

"ಫೋನಲ್ಲೇ ಹೇಳಬಾರದಿತ್ತಾ?" ಎಂದೆ ನಾನು. ನನ್ನ ದನಿ ಜೋರಾಗಿಯೇ ಇತ್ತು.

"ಇಂಥ ಮಾತು ಫೋನಲ್ಲಿ ಹೇಳ್ತಾರೇನಮ್ಮ? ಎದುರಿಗೆ ಕೂತು ಹೇಳೋಣ ಅಂತ ಇದ್ದೆ. ಕೆಲಸ ಉಳಿದಿದೆ ಅಂದ್ರಲ್ಲ..."

ಅಕ್ಕ ಅಳಲಿಲ್ಲ. ನಾನು ಅವಳ ಹೆಗಲ ಮೇಲೆ ಕೈಯಿಟ್ಟರೆ ಕೊಡವಿಕೊಂಡು ಎದ್ದಳು. ಆ ಹೆಂಗಸಿನ ಕೈ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಮಂಚ ಖಾಲಿಯಿತ್ತು, ಹಾಸಿಗೆ ಸುತ್ತಿ ತಲೆಕಡೆಗೆ ಇಟ್ಟಿತ್ತು. ಮಂಚದ ಪಕ್ಕ ಕುರ್ಚಿ ಎಳೆದು ಅವರನ್ನು ಕೂರಿಸಿದಳು.

"ಇಲ್ಲಿ ಹೇಳಿ," ಎಂದಳು. "ನನ್ನಿಂದ ತಡ ಆಯ್ತು. ನಿಮಗೆ ಕೈ ಮುಗೀತೀನಿ, ಒಂದ್ಸಲ ಇಲ್ಲೇ ಹೇಳಿಬಿಡಿ."

ಅವರು ನನ್ನ ಕಡೆ ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಖಾಲಿ ಮಂಚದ ಕಡೆ ಸ್ವಲ್ಪ ಬಾಗಿ, ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಹೇಳಿದರು:

"ನಿಮ್ಮದೇನೂ ತಪ್ಪಿರಲಿಲ್ಲ ಕಣ್ರೀ."