ಒಂದರ ಹಿಂದೊಂದು ಗಾಲಿಯ ಲಾರಿ

ನಮ್ಮ ಸಾವಕಾರರ ಹತ್ತಿರ ಎರಡು ಲಾರಿಗಳಿದ್ದವು. ಎರಡಕ್ಕೂ ಆರಾರು ಗಾಲಿ. ಹೋಲಿಕೆ ಅಲ್ಲಿಗೇ ಮುಗಿಯಿತು. ನಾನು ನಡೆಸುತ್ತಿದ್ದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವಿನಲ್ಲಿ ಮಾರಿದ ಹಳೆಯ ಗಾಡಿ. ಅದರ ಹಿಂಭಾಗದ ಕೆಳಗೆ ಎರಡು ಅಚ್ಚುಗಳು, ಒಂದರ ಹಿಂದೆ ಒಂದು. ಪ್ರತಿ ಅಚ್ಚಿನ ತುದಿಗೂ ಒಂದೊಂದೇ ಗಾಲಿ. ಇನ್ನೊಂದು ಆಮೇಲೆ ಕೊಂಡ ಹೊಸ ಲಾರಿ. ಅದಕ್ಕೆ ಹಿಂದೆ ಒಂದೇ ಅಚ್ಚು, ಆದರೆ ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ ಗಾಲಿ, ಮಗ್ಗುಲಿಗೆ ಮಗ್ಗುಲು ಹಚ್ಚಿ ನಿಂತಿದ್ದವು. ಇದರಲ್ಲೇನು ದೊಡ್ಡ ಫರಕು ಎಂದು ಕೇಳುವವರು ಕೇಳಲಿ. ನನ್ನ ಹರೆಯದ ಒಳ್ಳೆಯ ವರ್ಷಗಳೆಲ್ಲ ಆ ಫರಕಿನ ಮೇಲೆಯೇ ನಿಂತಿದ್ದವು.

ಜೋಡಿಗಾಲಿಯ ಲಾರಿಗೆ ಡ್ರೈವರ್ ಆಗಿದ್ದವನು ಹುಕ್ಕೇರಿ ಕಡೆಯವನು, ನನಗಿಂತ ಸ್ವಲ್ಪ ಹಿರಿಯ. ನಮ್ಮಿಬ್ಬರ ನಡುವೆ ಕುಲದ ಸಂಬಂಧವಿಲ್ಲ, ಊರಿನ ಸಂಬಂಧವೂ ಇಲ್ಲ. ಆದರೂ ಪರಿಚಯವಾದ ದಿನವೇ ನಾನು ಅವನನ್ನು ಮಾಮಾ ಎಂದು ಕರೆದೆ, ಅವನು ನನ್ನನ್ನು ಅಳಿಯಾ ಎಂದ. ಅವನಿಗೆ ಹೆಣ್ಣುಮಕ್ಕಳಿರಲಿಲ್ಲವಾದ್ದರಿಂದ ಆ ಮಾತಿನಿಂದ ಯಾರಿಗೂ ಆತಂಕವಾಗಲಿಲ್ಲ. ಅವನಿಗೆ ಹೆಂಡತಿಯಿದ್ದಳು, ಗದ್ದಲ ಹಾಕುವ ಗಂಡುಮಕ್ಕಳಿದ್ದರು. ನನಗೆ ತಂದೆ ತಾಯಿ ಬೇಗನೆ ತೀರಿಹೋಗಿದ್ದರು. ಗೋಕಾಕದಲ್ಲಿ ಒಂದು ಬಾಡಿಗೆ ಖೋಲಿ, ಅದರಲ್ಲಿ ಒಂದು ಚಾಪೆ, ಒಂದು ನೀರಿನ ಕೊಡ. ಬಾಗಿಲು ತೆರೆದರೆ ಯಾಕೆ ಬಂದೆ ಎಂದು ಬೈಯುವವರೂ ಒಳಗಿರಲಿಲ್ಲ.

ಬೆಲ್ಲದ ಹಂಗಾಮಿನಲ್ಲಿ ನಮ್ಮಿಬ್ಬರ ಕೆಲಸ ಒಂದೇ. ಕುಲಗೋಡದ ಸುತ್ತ ಹೊಲಗಳಲ್ಲಿ ಗಾಣ ಹೂಡಿ ಬೆಲ್ಲ ಮಾಡುತ್ತಿದ್ದರು. ಲಾರಿಗಳನ್ನು ಗಾಣದ ತನಕ ಒಯ್ದು ದೊಡ್ಡ ಮುದ್ದೆಯಂಥ ಬೆಲ್ಲದ ಪೆಂಟೆಗಳನ್ನು ಹೇರಿಕೊಂಡು, ಗೋಕಾಕ ದಾಟಿ, ಘೋಡಗೇರಿ ಮೇಲೆ ಹಾಯ್ದು ಹತ್ತರಗಿಯಲ್ಲಿ ಪುಣೆ ರಸ್ತೆ ಹಿಡಿದು ಕೊಲ್ಹಾಪುರದ ಪೇಟೆಗೆ ಮುಟ್ಟಿಸಬೇಕು. ಹೇರುವ ಹಮಾಲರು ಹೊಲದಲ್ಲೇ ಉಳಿಯುತ್ತಿದ್ದರು, ಇಳಿಸುವವರು ಪೇಟೆಯಲ್ಲಿರುತ್ತಿದ್ದರು. ನಡುವಿನ ದಾರಿಯಲ್ಲಿ ನಾವಿಬ್ಬರೇ, ಅದೂ ಬೇರೆ ಬೇರೆ ಗಾಡಿಗಳಲ್ಲಿ.

ಕಬ್ಬಿನ ಹೊಲವೆಂದರೆ ಎರೆಮಣ್ಣು, ಮೇಲೆ ಕಾಲುವೆಯ ನೀರು. ಮಾಮಾನ ಲಾರಿ ಬರಿದಾಗಿ ಒಳಗೆ ಹೋಗುತ್ತಿತ್ತು, ತುಂಬಿಕೊಂಡು ಹೊರಗೆ ಬರುತ್ತಿರಲಿಲ್ಲ. ಜೋಡಿ ಗಾಲಿಗಳ ನಡುವಿನ ಸಂದಿಯಲ್ಲಿ ಮಣ್ಣು ತುಂಬಿ, ಎರಡೂ ಗಾಲಿ ಸೇರಿ ಒಂದೇ ದಪ್ಪ ಮುದ್ದೆಯಾಗಿ ನಿಂತಲ್ಲೇ ತಿರುಗುತ್ತಿದ್ದವು. ನನ್ನ ಗಾಡಿಯದು ಬೇರೆ ರೀತಿ. ಮುಂದಿನ ಗಾಲಿ ತುಳಿದು ಗಟ್ಟಿ ಮಾಡಿದ ದಾರಿಯಲ್ಲೇ ನಡುವಿನದು ಬರುತ್ತಿತ್ತು, ಅದರ ಜಾಡಿನಲ್ಲೇ ಹಿಂದಿನದು. ಒಂದು ಗುಂಡಿಗೆ ಇಳಿದರೆ ಇನ್ನೊಂದು ಬಿಡದೆ ನೂಕುತ್ತಿತ್ತು. ಹಾಗಾಗಿ ನಾನು ಮೊದಲು ಹೊರಗೆ ಬಂದು ಗಟ್ಟಿ ನೆಲದ ಮೇಲೆ ನಿಂತು, ಸರಪಳಿ ಹಾಕಿ ಅವನ ಲಾರಿಯನ್ನು ಎಳೆಯಬೇಕು. ಸಾವಕಾರರು ನಮ್ಮನ್ನು ಎಂದೂ ಒಬ್ಬೊಬ್ಬರಾಗಿ ಕಳಿಸದಿದ್ದುದಕ್ಕೆ ಇದೊಂದೇ ಕಾರಣ.

ಎಳೆದಾದ ಮೇಲೆ ನಾವೇ ಮಾಡಿಕೊಂಡ ಒಂದು ಪದ್ಧತಿಯಿತ್ತು. ಕಾಲುವೆಯಲ್ಲಿ ಕೈಕಾಲು ತೊಳೆದು, ಬುತ್ತಿಯ ಗಂಟುಗಳನ್ನು ಅದಲುಬದಲು ಮಾಡಿಕೊಳ್ಳುವುದು. ಎಳೆದವನು ಎಳೆಸಿಕೊಂಡವನ ರೊಟ್ಟಿ ತಿನ್ನಬೇಕು, ಎಳೆಸಿಕೊಂಡವನು ಎಳೆದವನದು. ಹಾಗೆ ನನಗೆ ಅವನ ಹೆಂಡತಿ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವನಿಗೆ ಗೋಕಾಕದ ಖಾನಾವಳಿಯಿಂದ ನಾನು ಕಟ್ಟಿಸಿಕೊಂಡು ತಂದ ಒಣ ರೊಟ್ಟಿ.

"ಅಳಿಯಾ, ಈ ರೊಟ್ಟಿ ಗಾಲಿ ಬುಡಕ ಹಾಕಿದ್ರ ನನ್ನ ಗಾಡಿ ತಾನಽ ಹೊರಗ ಬರ್ತಿತ್ತಲ್ಲೋ" ಎನ್ನುತ್ತಿದ್ದ. ಅಂದರೂ ಪೂರಾ ತಿನ್ನುತ್ತಿದ್ದ.

ಗಟ್ಟಿ ರಸ್ತೆ ಸಿಕ್ಕಿತೆಂದರೆ ಮಾತ್ರ ಅವನ ಕಾಲ. ಜೋಡಿಗಾಲಿ ಹೊರೆಗೆ ಜಗ್ಗುತ್ತಿರಲಿಲ್ಲ. ಒಂದು ಟೈರು ಪಂಕ್ಚರಾದರೂ ಮಗ್ಗುಲಿನದು ಹೊರುತ್ತಿತ್ತು. ನನ್ನದು ಪ್ರತಿ ತಿರುವಿನಲ್ಲೂ ಹಿಂದಿನ ಗಾಲಿಗಳನ್ನು ಅಡ್ಡಡ್ಡ ಎಳೆದು ಟೈರು ಸವೆಸುತ್ತಿತ್ತು, ಪೆಟ್ರೋಲನ್ನು ಎಮ್ಮೆ ನೀರು ಕುಡಿದಂತೆ ಕುಡಿಯುತ್ತಿತ್ತು. ಅವನು ಧೂಳೆಬ್ಬಿಸಿ ಮುಂದೆ ಹೋಗಿ ಹತ್ತರಗಿಯ ಚಹದಂಗಡಿಯಲ್ಲಿ ಕುಳಿತಿರುತ್ತಿದ್ದ. ನಾನು ಮುಟ್ಟಿದೊಡನೆ ಶುರು.

"ನಿನ್ನ ಗಾಲಿ ಅತ್ತಿ ಸೊಸಿ ಸಂತಿಗೆ ಹೊಂಟಂಗ, ಒಂದರ ಹಿಂದ ಒಂದು. ಒಂದಕ್ಕೊಂದು ಮಾತಿಲ್ಲ. ನನ್ನವು ನೋಡು, ಹೊಸಾ ಗಂಡ ಹೆಂಡ್ತಿ, ಬಾಜೂ ಬಾಜೂ."

"ಆ ಹೊಸಾ ಗಂಡ ಹೆಂಡ್ತಿ ನಡುವ ಕಲ್ಲು ಸಿಕ್ಕು ಟೈರ್ ಒಡದಾಗ ಯಾರು ತಗದ್ರು ಮಾಮಾ?" ಎಂದು ನಾನು.

ಈ ಜಗಳ ಎಂದೂ ತೀರಲಿಲ್ಲ. ತೀರುವುದು ನನಗೆ ಬೇಕಾಗಿಯೂ ಇರಲಿಲ್ಲ.

ಆಮೇಲೆ ರಸ್ತೆಗಳು ಸುಧಾರಿಸಿದವು. ಕುಲಗೋಡದ ಹತ್ತಿರ ಮೂಡಲಗಿಯ ಕಡೆ ಜಲ್ಲಿ ಖಡಿ ಹಾಸಿ ರೋಲರ್ ಓಡಿಸಿದರು, ಕೆಲವು ಕಡೆ ಡಾಂಬರೂ ಬಿತ್ತು. ಜನರೆಲ್ಲ ಹಿಗ್ಗಿದರು. ನಾನು ಮಾತ್ರ ಹೋಗುತ್ತ ಬರುತ್ತ ಆ ಖಡಿಯ ರಾಶಿಗಳನ್ನು ಎಣಿಸುತ್ತಿದ್ದೆ. ಗಾಣದವರು ಚಕ್ಕಡಿಗಳಲ್ಲಿ ಬೆಲ್ಲ ತಂದು ರಸ್ತೆಯ ಪಕ್ಕದಲ್ಲೇ ಒಟ್ಟತೊಡಗಿದರು. ಲಾರಿ ಹೊಲಕ್ಕೆ ಇಳಿಯುವ ಕೆಲಸವೇ ತಪ್ಪಿತು. ಹೊಲಕ್ಕೆ ಇಳಿಯದ ಮೇಲೆ ಎಳೆಯುವವನು ಯಾಕೆ ಬೇಕು? ನನ್ನ ಗಾಡಿ ಹೋದರೆ ಮಾಮಾನ ಜೊತೆಯೂ ಹೋಗುತ್ತದೆ ಎಂದು ನನಗೆ ಮೊದಲೇ ತಿಳಿದಿತ್ತು. ನನ್ನ ಪಾಲಿಗೆ ಉಳಿದದ್ದು ಅದೊಂದೇ ಆಗಿತ್ತು.

ಸಾವಕಾರರು ಕೆಟ್ಟ ಮನುಷ್ಯರೇನಲ್ಲ. ಕರೆದು ಕೂರಿಸಿಯೇ ಹೇಳಿದರು. ನನ್ನ ಗಾಡಿಗೆ ರಿಪೇರಿಯ ಸಾಮಾನು ಸಿಗುತ್ತಿಲ್ಲ, ಕಲ್ಲುಗಣಿಯವರು ಕೇಳುತ್ತಿದ್ದಾರೆ, ಕೊಟ್ಟುಬಿಡುತ್ತೇನೆ ಎಂದರು. ನಾನು ಗಾಡಿಯ ಪರವಾಗಿ ವಕೀಲಿ ಮಾಡಿದೆ.

"ಎರಿ ಹೊಲದಾಗ ಜೋಡಿಗಾಲಿ ನಡಿಯೂದಿಲ್ರಿ ಸಾವಕಾರ್ರ. ಮಳಿ ಆತಂದ್ರ ಮತ್ತ ನನ್ನ ಗಾಡಿನಽ ಬೇಕಾಗತೈತಿ."

"ಹೊಲಕ್ಕ ಹೋಗೂದಽ ಬಿಟ್ಟೇವಲ್ಲೋ. ನಿನಗೂ ಹೊಸಾ ಜೋಡಿಗಾಲಿ ಗಾಡಿ ತಂದು ಕೊಡತೇನಿ. ಪಗಾರನೂ ಹೆಚ್ಚಿಗಿ. ಮತ್ತ್ಯಾಕ ಮಾರಿ ಸಣ್ಣ ಮಾಡತಿ?"

ರೊಟ್ಟಿಯ ಗಂಟು ಬದಲಾಯಿಸುವವರು ಇಲ್ಲವಾಗುತ್ತಾರೆ ಎಂದು ಗಂಡಸು ಇನ್ನೊಬ್ಬ ಗಂಡಸಿನ ಮುಂದೆ ಹೇಗೆ ಹೇಳುತ್ತಾನೆ? ಹ್ಞೂಂ ಎಂದು ಎದ್ದು ಬಂದೆ. ಮಾಮಾನಿಗೆ ಹೇಳಿದರೆ ಅವನು ಬೆನ್ನು ಚಪ್ಪರಿಸಿದ. "ಛಲೋ ಆತು ಬಿಡೋ ಅಳಿಯಾ. ಆ ಹಳೀ ಡಬ್ಬಾದಾಗ ಎಷ್ಟು ದಿನಾ ಅಂತ ಕುಂಡ್ರಾಂವ?" ಎಂದ. ಅವನ ಸಂತೋಷ ಖರೆ ಇತ್ತು. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಹೊಸ ಲಾರಿ ಬಂತು. ಅದೂ ಜೋಡಿಗಾಲಿಯದು, ಮಾಮಾನ ಲಾರಿಯ ತದ್ರೂಪ. ಸೀಟು ಮೆತ್ತಗೆ, ಬಾಗಿಲಿಗೆ ಗಾಜು. ಇನ್ನು ಇಬ್ಬರೂ ಕೂಡಿ ಹೋಗುವ ಪ್ರಶ್ನೆಯೇ ಇಲ್ಲ. ಒಂದು ಲಾರಿ ಹೋಗುವಾಗ ಇನ್ನೊಂದು ಬರಬೇಕು ಎಂದು ಸಾವಕಾರರು ಗೊತ್ತುಮಾಡಿದರು. ನಾನು ತುಂಬಿಕೊಂಡು ಕೊಲ್ಹಾಪುರಕ್ಕೆ ಹೊರಟರೆ ಮಾಮಾ ಬರಿದು ಮಾಡಿಕೊಂಡು ತಿರುಗಿ ಬರುತ್ತಿದ್ದ. ದಾರಿಯಲ್ಲಿ ಎಲ್ಲೋ ಎದುರಾಗುತ್ತಿದ್ದೆವು. ಅವನೊಂದು ಹಾರ್ನ್, ನಾನೊಂದು ಹಾರ್ನ್. ಕಿಟಕಿಯಿಂದ ಅವನ ಕೈ ಕಾಣುತ್ತಿತ್ತು, ಆಮೇಲೆ ಬರೀ ಧೂಳು. ಹತ್ತರಗಿಯ ಅಂಗಡಿಯಲ್ಲಿ ಒಬ್ಬನೇ ಕುಳಿತು ಚಹಾ ಕುಡಿದರೆ ಬಾಯಿಗೆ ರುಚಿಯೇ ಹತ್ತುತ್ತಿರಲಿಲ್ಲ. ಕೆಲವು ದಿನ ಅಲ್ಲಿ ನಿಲ್ಲಿಸುವುದನ್ನೇ ಬಿಟ್ಟೆ.

ಒಂದು ಮುಂಜಾನೆ ಘೋಡಗೇರಿಯ ಈಚೆಗೆ ಕಬ್ಬು ಹೇರಿದ ಚಕ್ಕಡಿಗಳ ಸಾಲು ಎದುರಿಗೆ ಬಂತು. ಹಳೆಯ ಗಾಡಿಯಲ್ಲಿದ್ದಾಗ ಚಕ್ಕಡಿ ಕಂಡರೆ ರಸ್ತೆ ಅವರಿಗೆ ಬಿಟ್ಟು ನಾನು ಪಕ್ಕದ ಹಸಿ ನೆಲಕ್ಕೆ ಇಳಿಯುವುದು ರೂಢಿ. ಹೊರೆ ಎಳೆಯುವ ಎತ್ತನ್ನು ಕೆಳಗೆ ಇಳಿಸಬಾರದು, ನನ್ನ ಗಾಡಿ ಎಲ್ಲಿಂದಾದರೂ ಎದ್ದು ಬರುತ್ತದೆ ಎಂಬ ಧೈರ್ಯ. ಅಂದು ಕೈ ತನ್ನಷ್ಟಕ್ಕೆ ತಾನೇ ಸ್ಟೇರಿಂಗ್ ತಿರುಗಿಸಿತು. ಚಕ್ಕಡಿಯವರು ಕೈ ಎತ್ತಿ ಶರಣು ಎಂದು ದಾಟಿಹೋದರು. ಆಗ ನೆನಪಾಯಿತು, ಕೆಳಗಿರುವುದು ಆ ಗಾಡಿಯಲ್ಲ ಎಂದು. ಕಾಲುವೆಯ ನೀರು ಹರಿದು ನೆನೆದಿದ್ದ ಮಣ್ಣು. ಹಿಂದಿನ ಜೋಡಿಗಾಲಿಗಳು ಅಚ್ಚಿನ ತನಕ ಇಳಿದು, ಸಂದಿಯಲ್ಲಿ ಮಣ್ಣು ತುಂಬಿ, ನಿಂತಲ್ಲೇ ತಿರುಗಿದವು.

ಬೇರೆ ಯಾರಾದರೂ ಹಣೆ ಚಚ್ಚಿಕೊಳ್ಳುತ್ತಿದ್ದರು. ನನಗೆ ಹಿಗ್ಗಾಯಿತು. ಮಾಮಾ ಇದೇ ದಾರಿಯಿಂದ ತಿರುಗಿ ಬರುತ್ತಾನೆ, ನಿಲ್ಲಲೇಬೇಕು. ಎಷ್ಟು ದಿನವಾಗಿತ್ತು ಅವನ ಜೊತೆ ಕೂತು! ಕಾಲುವೆಯಲ್ಲಿ ಕೈಕಾಲು ತೊಳೆದೆ. ಹಸಿವಾದರೂ ಬುತ್ತಿ ಬಿಚ್ಚದೆ ಬದುವಿನ ಮೇಲಿಟ್ಟುಕೊಂಡು ಕುಳಿತೆ.

ಅವನು ಬಂದ. ಲಾರಿ ನಿಲ್ಲಿಸಿ ಇಳಿದ. ಆದರೆ ಇಂಜಿನ್ ಬಂದ್ ಮಾಡಲಿಲ್ಲ.

"ನಿಂದು ತುಂಬಿದ ಗಾಡಿ, ನಂದು ಖಾಲಿ. ಜಗ್ಗಾಕ ಬಂದ್ರ ನನ್ನ ಗಾಡಿನೂ ಜಾರಿ ನಿನ್ನ ಬಾಜೂ ಕುಂಡ್ರತೈತಿ ಅಳಿಯಾ" ಎಂದ.

"ಗೊತ್ತೈತಿ ಮಾಮಾ. ಜಗ್ಗೂದ ಬ್ಯಾಡ. ಬಾ, ಊಟಾ ಮಾಡೂಣು."

ಅವನು ನನ್ನ ಗಂಟನ್ನು ನೋಡಿದ, ತನ್ನ ಗುರುಗುಟ್ಟುತ್ತಿದ್ದ ಲಾರಿಯನ್ನು ನೋಡಿದ. "ಕುಲಗೋಡದಾಗ ಹಮಾಲರು ಕಾಯಾಕತ್ತಿರತಾರೋ. ಹೊತ್ತಾತಂದ್ರ ಸಾವಕಾರ್ರು ಬೈತಾರ. ಇಲ್ಲೇ ಹೊಲದಾಗ ಎತ್ತು ಅದಾವು, ಹೇಳಿ ಹೋಗತೇನಿ. ನೀ ಊಟಾ ಮಾಡು" ಎಂದ. ಮುಖ ಸಪ್ಪಗಾಗಿತ್ತು, ಅದನ್ನು ಸುಳ್ಳು ಎನ್ನಲಾರೆ. ನನ್ನ ಭುಜ ಮುಟ್ಟಿ ಹೋದ. ಅವನ ಲಾರಿ ತಿರುವು ದಾಟುವ ತನಕ ನೋಡಿದೆ. ಆಮೇಲೆ ಗಂಟು ಬಿಚ್ಚಿ ಖಾನಾವಳಿಯ ರೊಟ್ಟಿ ತಿಂದೆ. ನೀರು ಕುಡಿದು ಕೈ ತೊಳೆದೆ.

ಹೊಲದವರು ಎತ್ತು ಹೂಡಿಕೊಂಡು ಬಂದರು. ಗಾಲಿಯ ಸಂದಿಯ ಮಣ್ಣು ಕೆತ್ತಿ, ಕಬ್ಬಿನ ಸೋಗೆ ಹಾಸಿ, ಕೂಗು ಹಾಕುತ್ತ ಲಾರಿಯನ್ನು ರಸ್ತೆಗೆ ಹತ್ತಿಸಿದರು. ಅವರಲ್ಲಿ ಹಿರಿಯರೊಬ್ಬರು ಹಗ್ಗ ಸುತ್ತುತ್ತ ಕೇಳಿದರು: "ಪಾಪ, ಆ ಡ್ರೈವರ್ ಹೊಲದ ತನಕಾ ನಡಕೊಂತ ಬಂದು ಹೇಳಿ ಹೋದ್ರು. ನಿಮ್ಮ ಪೈಕಿ, ಸಂಬಂಧದಾವ್ರೇನ್ರಿ ಅವರು?"

ಮಾಮಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೊರಗೆ ಬರಲಿಲ್ಲ.

"ಇಲ್ರಿ ಯಜಮಾನ್ರ" ಎಂದೆ, "ದಾರ್ಯಾಗ ಕಾಣತಾರ."